ಹೆರಿಗೆ ಎಲ್ಲಿ ಮಾಡಿಸಬೇಕು: ಕೂಸಿನ ಕಡೆಯಿಂದ ಒಂದು ಹೋಲಿಕೆ

ಕುಬುಸ ಮುಗಿಸಿ ಮಗಳನ್ನು ತವರಿಗೆ ಕರೆತಂದ ಮೇಲೆ ಮನೆಯವರು ಆಸ್ಪತ್ರೆ ಹುಡುಕಲು ಹೊರಡುತ್ತಾರೆ. ಯಾದಗಿರಿ ಜಿಲ್ಲೆಯ ಹೆರಿಗೆ ಕೋಣೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನರ್ಸ್ ಆಗಿ ದುಡಿದ ನನಗೆ ಆ ಹುಡುಕಾಟದ ಪ್ರಶ್ನೆಗಳೆಲ್ಲ ಬಾಯಿಪಾಠವಾಗಿವೆ. ಲೇಡಿ ಡಾಕ್ಟರ್ ಇದ್ದಾರೆಯೇ? ನಾರ್ಮಲ್ ಆಗುತ್ತದೆಯೇ, ಕೊಯ್ಯುತ್ತಾರೆಯೇ? ಒಟ್ಟು ಎಷ್ಟು ಖರ್ಚಾದೀತು? ಬಾಣಂತಿಗೆ ಬೇರೆ ಕೋಣೆ ಸಿಗುತ್ತದೆಯೇ, ಬಿಸಿನೀರು ಬರುತ್ತದೆಯೇ? ಇದರಲ್ಲಿ ತಪ್ಪು ಪ್ರಶ್ನೆ ಒಂದೂ ಇಲ್ಲ. ಆದರೆ ‘ಹುಟ್ಟಿದ ಕೂಸು ಅಳದಿದ್ದರೆ ಅದನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂದು ಕೇಳಿದವರನ್ನು ಬೆರಳಿನಲ್ಲಿ ಎಣಿಸಬಹುದು. ನಮ್ಮ ಭಾಗದ ಆಸ್ಪತ್ರೆಗಳನ್ನು ಆ ಒಂದು ಪ್ರಶ್ನೆ ಹಿಡಿದುಕೊಂಡು ಇಲ್ಲಿ ಹೋಲಿಸುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ನಮ್ಮ ಹೋರಾಟ ಮನೆಯ ಹೆರಿಗೆಯ ವಿರುದ್ಧವಾಗಿತ್ತು. ಹಳ್ಳಿ, ತಾಂಡಾಗಳಿಗೆ ಹೋಗಿ ಅತ್ತೆಯಂದಿರ ಮನವೊಲಿಸಿ ಗರ್ಭಿಣಿಯರನ್ನು ಕರೆತರಬೇಕಿತ್ತು. ಈಗ ಕಾಲ ಬದಲಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತಿವೆ. ಹಾಗಿದ್ದೂ ಅದೇ ಸಮೀಕ್ಷೆಯಲ್ಲಿ, ಜೀವಂತ ಹುಟ್ಟಿದ ಪ್ರತಿ 1,000 ಕೂಸುಗಳಲ್ಲಿ ಸುಮಾರು 25 ಕೂಸುಗಳು ವರ್ಷ ತುಂಬುವ ಮೊದಲೇ ತೀರಿಕೊಂಡಿವೆ. ಆ 25ರಲ್ಲಿ ಸುಮಾರು 16 ಮೊದಲ 28 ದಿನಗಳಲ್ಲಿಯೇ ಹೋಗಿವೆ. ಅಂದರೆ ಈಗ ಸಾಯುವ ಕೂಸುಗಳಲ್ಲಿ ಹೆಚ್ಚಿನವು ಆಸ್ಪತ್ರೆಯಲ್ಲಿ ಹುಟ್ಟಿದವು. ಆದ್ದರಿಂದ ಮನೆಯೋ ಆಸ್ಪತ್ರೆಯೋ ಎಂಬ ಪ್ರಶ್ನೆ ಹಳೆಯದಾಯಿತು. ಯಾವ ಆಸ್ಪತ್ರೆ ಎಂಬುದೇ ಇಂದಿನ ಪ್ರಶ್ನೆ.

ಉತ್ತರ ಪ್ರದೇಶದಲ್ಲಿ ನಡೆದ ಒಂದು ದೊಡ್ಡ ಅಧ್ಯಯನ ಈ ಮಾತನ್ನು ಕಹಿಯಾಗಿಯೇ ಹೇಳುತ್ತದೆ. ಅಲ್ಲಿನ 120 ಸಣ್ಣ ಸರ್ಕಾರಿ ಆಸ್ಪತ್ರೆಗಳನ್ನು ಆರಿಸಿಕೊಂಡು, ಅರ್ಧದಷ್ಟು ಕಡೆ ಹೆರಿಗೆ ಮಾಡಿಸುವವರಿಗೆ ಮಾಡಬೇಕಾದ ಕೆಲಸಗಳ ಪಟ್ಟಿ ಕೊಟ್ಟು, ಪಕ್ಕದಲ್ಲಿ ನಿಂತು ತರಬೇತಿ ಕೊಟ್ಟರು. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ ಹಿಡಿದರು. 2017ರಲ್ಲಿ ಫಲಿತಾಂಶ ಬಂತು: ಕೈ ತೊಳೆಯುವುದು, ಕೂಸನ್ನು ಬೆಚ್ಚಗಿಡುವುದು, ಎದೆಹಾಲು ಬೇಗ ಕೊಡುವುದು ಎಲ್ಲ ಸುಧಾರಿಸಿತ್ತು, ಆದರೆ ಸಾವು ಇಳಿದಿರಲಿಲ್ಲ. ನನ್ನ ಅನುಭವದಲ್ಲಿ ಇದಕ್ಕೆ ಕಾರಣ ಸರಳ. ಒಳ್ಳೆಯ ಅಭ್ಯಾಸಗಳು ಗಟ್ಟಿಮುಟ್ಟಾದ ಕೂಸಿಗೆ ಸಾಕಾಗುತ್ತವೆ. ಕಷ್ಟದಲ್ಲಿರುವ ಕೂಸಿಗೆ ಅವುಗಳ ಜೊತೆಗೆ ಯಂತ್ರ, ಔಷಧಿ, ಅವನ್ನು ಬಳಸಲು ಬಲ್ಲ ಕೈ ಮೂರೂ ಒಂದೇ ಕಟ್ಟಡದಲ್ಲಿ ಬೇಕು.

ಮೊದಲ ಒಂದು ನಿಮಿಷ

ನವಜಾತ ಶಿಶುಗಳನ್ನು ಕೊಲ್ಲುವ ಮುಖ್ಯ ಕಾರಣಗಳು ಕೆಲವೇ. ದಿನ ತುಂಬದೆ ಹುಟ್ಟುವುದು, ಹುಟ್ಟುವಾಗ ಉಸಿರುಗಟ್ಟುವುದು, ನಂಜು, ಹುಟ್ಟಿನಿಂದ ಬರುವ ಅಂಗದೋಷ. ಆಸ್ಪತ್ರೆ ಯಾವುದು ಎನ್ನುವುದು ಮೊದಲ ಮೂರರಲ್ಲಿ ನೇರವಾಗಿ ಲೆಕ್ಕಕ್ಕೆ ಬರುತ್ತದೆ.

ಹುಟ್ಟುವ ಕೂಸುಗಳಲ್ಲಿ ಹತ್ತಕ್ಕೆ ಒಂದರಷ್ಟು ಉಸಿರು ಶುರುಮಾಡಲು ಯಾವುದಾದರೂ ನೆರವನ್ನು ಬೇಡುತ್ತವೆ. ಬಹುಪಾಲಿಗೆ ಒರೆಸಿ ಬೆನ್ನು ತೀಡಿದರೆ ಸಾಕು. ಉಳಿದವಕ್ಕೆ ಮುಖಕ್ಕೆ ಮಾಸ್ಕ್ ಇಟ್ಟು, ಕೈಯಿಂದ ಒತ್ತುವ ಗಾಳಿಚೀಲವಾದ ಅಂಬು ಬ್ಯಾಗ್‌ನಿಂದ ಗಾಳಿ ಕೊಡಬೇಕು, ಅದೂ ಹುಟ್ಟಿದ ಅರವತ್ತು ಸೆಕೆಂಡುಗಳ ಒಳಗೆ ಶುರುವಾಗಬೇಕು. ಈ ಕೆಲಸಕ್ಕೆ ಡಾಕ್ಟರೇ ಬೇಕೆಂದಿಲ್ಲ. ತರಬೇತಿ ಪಡೆದ ನರ್ಸ್ ಮಾಡಬಲ್ಲರು. ಬೆಳಗಾವಿ ಭಾಗದ ಹೆರಿಗೆ ಸಿಬ್ಬಂದಿಗೆ ಈ ಒಂದು ವಿದ್ಯೆಯನ್ನು ಕಲಿಸಿದಾಗ ‘ಸತ್ತು ಹುಟ್ಟಿತು’ ಎಂದು ಬರೆಯುವ ಕೂಸುಗಳ ಪ್ರಮಾಣವೇ ಇಳಿಯಿತು. ಸತ್ತಿವೆ ಎಂದು ಪಕ್ಕಕ್ಕೆ ಇಡುತ್ತಿದ್ದ ಕೂಸುಗಳಲ್ಲಿ ಕೆಲವು ಗಾಳಿಗಾಗಿ ಕಾಯುತ್ತಿದ್ದವು! ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾವು ಬಟ್ಟೆ ಸುತ್ತಿ ಕೊಟ್ಟ ಕೂಸುಗಳು ಒಂದೊಂದಾಗಿ ನೆನಪಿಗೆ ಬಂದವು.

ಆದ್ದರಿಂದ ಯಾವ ಆಸ್ಪತ್ರೆಗೆ ಹೋದರೂ ಹೆರಿಗೆ ಕೋಣೆಯಲ್ಲಿ ಕೂಸಿಗೆಂದೇ ಒಂದು ಮೂಲೆ ಇದೆಯೇ ನೋಡಿ. ಮೇಲಿನಿಂದ ಶಾಖ ಕೊಡುವ ವಾರ್ಮರ್, ಕೂಸಿನ ಅಳತೆಯ ಅಂಬು ಬ್ಯಾಗ್ ಮತ್ತು ಮಾಸ್ಕ್, ಆಮ್ಲಜನಕ ಅಲ್ಲಿ ಇರಬೇಕು. ವಾರ್ಮರಿನ ಮೇಲೆ ಫೈಲುಗಳ ರಾಶಿ ಬಿದ್ದಿದ್ದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು ಎಂದೇ ತಿಳಿಯಿರಿ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಿಗೆ ‘ಇಷ್ಟು ಧಗೆಯಲ್ಲಿ ಕೂಸಿಗೆ ಚಳಿಯೇ?’ ಎಂದು ಕೇಳುವವರಿದ್ದಾರೆ. ಒದ್ದೆ ಮೈಯಲ್ಲಿ ಫ್ಯಾನಿನ ಕೆಳಗೆ ಮಲಗಿಸಿದ ಕೂಸು ಮೇ ತಿಂಗಳಿನಲ್ಲಿಯೂ ತಣ್ಣಗಾಗುತ್ತದೆ. ಮೈ ತಣ್ಣಗಾದರೆ ಉಸಿರು ಸೋಲುತ್ತದೆ, ಸಕ್ಕರೆ ಇಳಿಯುತ್ತದೆ.

ನಮ್ಮ ಮುಂದಿರುವ ಬಾಗಿಲುಗಳು

ಪ್ರಾಥಮಿಕ ಆರೋಗ್ಯ ಕೇಂದ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡನೆಯದೋ ಮೂರನೆಯದೋ ಹೆರಿಗೆ, ಹಿಂದಿನವು ಸುಲಭವಾಗಿ ಆಗಿವೆ, ರಕ್ತ ಚೆನ್ನಾಗಿದೆ, ಬಿ.ಪಿ. ಸರಿಯಿದೆ, ದಿನ ತುಂಬಿದೆ, ರಾತ್ರಿಯೂ ಸ್ಟಾಫ್ ನರ್ಸ್ ಇರುತ್ತಾರೆ ಎಂದಾದರೆ ಅಲ್ಲಿಗೆ ಹೋಗಬಹುದು. ಇವುಗಳಲ್ಲಿ ಒಂದು ತಪ್ಪಿದರೂ ಮುಂದಿನ ಬಾಗಿಲು ನೋಡಿ.

ಶಹಾಪುರ, ಸುರಪುರ, ಸೇಡಂ, ಆಳಂದ, ಬಸವಕಲ್ಯಾಣದಂತಹ ತಾಲ್ಲೂಕು ಆಸ್ಪತ್ರೆ ನಮ್ಮ ಹೆಚ್ಚಿನ ಕುಟುಂಬಗಳ ನಿಜವಾದ ಆಯ್ಕೆ. ಸರ್ಕಾರದ ವ್ಯವಸ್ಥೆಯಲ್ಲಿ ಈ ಮಟ್ಟಕ್ಕೆ ನಿಗದಿಯಾಗಿರುವುದು ನವಜಾತ ಶಿಶು ಸ್ಥಿರೀಕರಣ ಘಟಕ, ಸಾಮಾನ್ಯವಾಗಿ ನಾಲ್ಕು ಹಾಸಿಗೆಯದು. ಹೆಸರೇ ಹೇಳುವಂತೆ ಅದರ ಕೆಲಸ ಸ್ವಲ್ಪ ತೂಕ ಕಡಿಮೆಯಾದ, ಕಾಮಾಲೆ ಬಂದ, ಹಾಲು ಕುಡಿಯಲು ಕಷ್ಟಪಡುವ ಕೂಸುಗಳನ್ನು ಸಂಭಾಳಿಸುವುದು ಮತ್ತು ಅದಕ್ಕಿಂತ ಹೆಚ್ಚಿನ ಕಷ್ಟವಿದ್ದರೆ ಕೂಸನ್ನು ಒಂದು ಹದಕ್ಕೆ ತಂದು ಮುಂದೆ ಕಳಿಸುವುದು. ಇಲ್ಲಿ ಕೇಳಬೇಕಾದದ್ದು ಮೂರು: ಮಕ್ಕಳ ಡಾಕ್ಟರ ಹುದ್ದೆ ಭರ್ತಿಯಾಗಿದೆಯೇ, ಅರಿವಳಿಕೆ ಡಾಕ್ಟರು ರಾತ್ರಿ ಸಿಗುತ್ತಾರೆಯೇ, ರಕ್ತ ಎಲ್ಲಿಂದ ಬರುತ್ತದೆ? ಅರಿವಳಿಕೆಯವರಿಲ್ಲದಿದ್ದರೆ ತುರ್ತು ಸಿಸೇರಿಯನ್ ಇಲ್ಲ. ಹೊಟ್ಟೆಯೊಳಗೆ ಕೂಸಿನ ಹೃದಯಬಡಿತ ಕುಸಿಯುತ್ತಿರುವಾಗ ತಾಯಿಯನ್ನು ಆಂಬುಲೆನ್ಸ್‌ಗೆ ಹತ್ತಿಸುವ ಹೊತ್ತು ಯಾರಿಗೂ ಬರಬಾರದು. ‘ರೆಫರ್ ಮಾಡುವವರು ಕೆಲಸಗಳ್ಳರು’ ಎಂಬ ಮಾತು ಊರಿನಲ್ಲಿದೆ. ಒಂಬತ್ತು ತಿಂಗಳು ನೋಡಿ ಕೊನೆಯ ಗಳಿಗೆಯಲ್ಲಿ ಕಳಿಸುವವರಿಗೆ ಅದು ಸಲ್ಲಬಹುದು. ಏಳನೆಯ ತಿಂಗಳಿನಲ್ಲಿಯೇ ‘ಅವ್ವಾ, ಇದು ನಮ್ಮ ಕೈಲಾಗದು, ಜಿಲ್ಲಾಸ್ಪತ್ರೆಯಲ್ಲಿ ಹೆಸರು ಬರೆಸು’ ಎನ್ನುವ ಡಾಕ್ಟರು ನಿಮ್ಮ ಕೂಸಿನ ಹಿತೈಷಿ.

ಜಿಲ್ಲಾ ಮಟ್ಟದಲ್ಲಿರುವುದು ನವಜಾತ ಶಿಶು ವಿಶೇಷ ಆರೈಕೆ ಘಟಕ, ಎಲ್ಲರೂ ಎಸ್‌ಎನ್‌ಸಿಯು ಎಂದು ಕರೆಯುವುದು. ತೂಕ 1,800 ಗ್ರಾಂಗಿಂತ ಕಡಿಮೆಯಿದ್ದರೆ ಅಥವಾ 34 ವಾರ ತುಂಬುವ ಮೊದಲು ಹುಟ್ಟಿದ್ದರೆ ಕೂಸು ಇಲ್ಲಿರಬೇಕು ಎನ್ನುವುದು ಮಾರ್ಗಸೂಚಿ. ಅದರ ಮೇಲಿನದು ವೆಂಟಿಲೇಟರ್, ಎಳೆಯ ಶ್ವಾಸಕೋಶಕ್ಕೆ ಹಾಕುವ ಸರ್ಫ್ಯಾಕ್ಟಂಟ್ ಔಷಧಿ, ಶಸ್ತ್ರಚಿಕಿತ್ಸೆ ಎಲ್ಲ ಇರುವ ತೀವ್ರ ನಿಗಾ ಘಟಕ. ಇದನ್ನು ವೈದ್ಯಕೀಯ ಕಾಲೇಜುಗಳಲ್ಲಿ ಮತ್ತು ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಹುಡುಕಬೇಕು. ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಇದೆ, ಎಂ.ಆರ್. ಮೆಡಿಕಲ್ ಕಾಲೇಜಿನ ಬಸವೇಶ್ವರ ಆಸ್ಪತ್ರೆ ಇದೆ. ಬೀದರಿನಲ್ಲಿ ಸರ್ಕಾರದ್ದೇ ಆದ ಬ್ರಿಮ್ಸ್ ಇದೆ. ಯಾದಗಿರಿಗೆ ವೈದ್ಯಕೀಯ ಕಾಲೇಜು ಬಂದದ್ದು 2022ರಲ್ಲಿ. ಅದಕ್ಕೂ ಮೊದಲು ಇಲ್ಲಿನ ತೀರಾ ಎಳೆಯ ಕೂಸುಗಳಿಗೆ ಕಲಬುರಗಿಯ ಅಥವಾ ರಾಯಚೂರಿನ ದಾರಿಯೇ ಗತಿಯಾಗಿತ್ತು. ಆ ದಾರಿಯಲ್ಲಿ ಅಂಬು ಬ್ಯಾಗ್ ಒತ್ತುತ್ತಾ ಎಷ್ಟು ಸಲ ಹೋಗಿದ್ದೇನೆ ಎಂಬ ಲೆಕ್ಕ ಇಟ್ಟಿಲ್ಲ.

ಇನ್ನು ಊರಿನ ನರ್ಸಿಂಗ್ ಹೋಮ್. ಇದರ ಬಗ್ಗೆ ನಿಧಾನವಾಗಿ ಮಾತಾಡಬೇಕು, ಏಕೆಂದರೆ ಮನೆಯಲ್ಲಿ ಜಗಳವಾಗುವುದು ಇಲ್ಲಿಯೇ. ‘ಸರ್ಕಾರಿ ಆಸ್ಪತ್ರೆಯಲ್ಲಿ ನಮ್ಮ ಹುಡುಗಿಯನ್ನು ಕೇಳುವವರಿಲ್ಲ, ಎರಡು ಕಾಸು ಹೆಚ್ಚಾದರೂ ಚಿಂತೆಯಿಲ್ಲ’ ಎಂದು ತಂದೆ ಹೇಳುತ್ತಾನೆ. ಆತನ ಸಂಕಟ ನನಗೆ ಅರ್ಥವಾಗುತ್ತದೆ. ಹೆರಿಗೆ ನೋವಿನಲ್ಲಿರುವ ಹೆಣ್ಣಿಗೆ ಗದರುವುದನ್ನು ನಾನೂ ಕಂಡಿದ್ದೇನೆ, ತಡೆಯಲು ಹೋಗಿ ಮಾತು ಕೇಳಿಸಿಕೊಂಡಿದ್ದೇನೆ. ಖಾಸಗಿಯಲ್ಲಿ ಮಾತು ಮೃದು, ಹಾಸಿಗೆ ಶುಭ್ರ, ಡಾಕ್ಟರು ಹೆಸರು ಹಿಡಿದು ಕರೆಯುತ್ತಾರೆ. ಇವೆಲ್ಲ ತಾಯಿಗೆ ಸಿಗುವ ಸೌಲಭ್ಯ. ಕೂಸಿಗೆ ಏನು ಸಿಗುತ್ತದೆ ಎಂಬುದನ್ನು ಬೇರೆಯಾಗಿ ಕೇಳಬೇಕು.

ಬಹಳಷ್ಟು ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಮಕ್ಕಳ ಡಾಕ್ಟರು ಒಳಗೆ ಇರುವುದಿಲ್ಲ. ಫೋನ್ ಮಾಡಿದರೆ ತಮ್ಮ ಕ್ಲಿನಿಕ್‌ನಿಂದ ಬರುತ್ತಾರೆ. ಅರವತ್ತು ಸೆಕೆಂಡಿನ ಮಾತನ್ನು ಇಲ್ಲಿ ನೆನಪಿಸಿಕೊಳ್ಳಿ. ಅವರು ಬರುವಷ್ಟು ಹೊತ್ತು ಅಂಬು ಬ್ಯಾಗ್ ಹಿಡಿಯುವ ಕೈ ಯಾರದು? ಆ ನರ್ಸ್ ಶುಶ್ರೂಷೆ ಓದಿದವರೇ, ಕೆಲಸದಲ್ಲಿ ನೋಡಿ ಕಲಿತ ಹುಡುಗಿಯೇ? ಗಾಜಿನ ಪೆಟ್ಟಿಗೆ ತೋರಿಸಿ ‘ನಮ್ಮಲ್ಲಿ ಎಲ್ಲ ಇದೆ’ ಎಂದರೆ ಒಪ್ಪಿಬಿಡಬೇಡಿ. ಪೆಟ್ಟಿಗೆ ಶಾಖ ಕೊಡುತ್ತದೆ, ಉಸಿರು ಕೊಡುವುದಿಲ್ಲ. ರಾತ್ರಿ ಎರಡು ಗಂಟೆಗೆ ಕೂಸುಗಳ ಕೋಣೆಯಲ್ಲಿ ಯಾರಿರುತ್ತಾರೆ, ಒಬ್ಬ ನರ್ಸ್‌ಗೆ ಎಷ್ಟು ಕೂಸು, ಕರೆಂಟ್ ಹೋದರೆ ಜನರೇಟರ್ ಎಷ್ಟು ಹೊತ್ತು ನಡೆಯುತ್ತದೆ, ಒಂದೂವರೆ ಕೆ.ಜಿ.ಗಿಂತ ಸಣ್ಣ ಕೂಸು ಹುಟ್ಟಿದರೆ ಇಲ್ಲಿಯೇ ಇಟ್ಟುಕೊಳ್ಳುತ್ತೀರೋ ಕಳಿಸುತ್ತೀರೋ, ಕಳಿಸುವುದಾದರೆ ಎಲ್ಲಿಗೆ? ಕೂಸಿಗೆ ದಿನಕ್ಕೆ ಎಷ್ಟು ಬಿಲ್ ಆಗುತ್ತದೆ ಎಂಬುದನ್ನೂ ಮೊದಲೇ ಬರೆಸಿಕೊಳ್ಳಿ. ಹತ್ತು ದಿನಕ್ಕೆ ದುಡ್ಡು ಮುಗಿದು, ಇನ್ನೂ ಗಟ್ಟಿಯಾಗದ ಕೂಸನ್ನು ಬಿಡಿಸಿಕೊಂಡು ಹೋದ ಕುಟುಂಬಗಳನ್ನು ಕಂಡಿದ್ದೇನೆ. ಸರ್ಕಾರಿ ಆಸ್ಪತ್ರೆಗಳಲ್ಲಿ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಸಿಸೇರಿಯನ್ ಸೇರಿ ಹೆರಿಗೆ ಉಚಿತ, ಕಾಯಿಲೆಯ ಕೂಸಿಗೆ ಔಷಧಿ, ಪರೀಕ್ಷೆ, ರಕ್ತ, ಸಾಗಣೆ ವರ್ಷ ತುಂಬುವವರೆಗೆ ಉಚಿತ. ಮೂವತ್ತು ದಿನ ಘಟಕದಲ್ಲಿರಬೇಕಾದ ಕೂಸಿಗೆ ಇದು ಸಣ್ಣ ಮಾತಲ್ಲ.

ಸಿಸೇರಿಯನ್‌ಗೆ ಮುಹೂರ್ತ ಇಡಿಸುವವರಿಗೆ ಒಂದು ಮಾತು. ಕಾರಣವಿಲ್ಲದೆ 39 ವಾರಕ್ಕಿಂತ ಮೊದಲು ಹೊಟ್ಟೆ ಕೊಯ್ದರೆ ಕೂಸಿಗೆ ಉಸಿರಾಟದ ತೊಂದರೆ ಬರುವ ಸಂಭವ ಹೆಚ್ಚು. ಒಳ್ಳೆಯ ನಕ್ಷತ್ರದಲ್ಲಿ ಹುಟ್ಟಿ ಆಮ್ಲಜನಕದಲ್ಲಿ ಮಲಗಿದ ಕೂಸುಗಳು ನನ್ನ ಕಣ್ಣ ಮುಂದಿವೆ. ದಿನ ಇಡಿಸಲೇಬೇಕೆಂದಿದ್ದರೆ 39 ವಾರ ತುಂಬಿದ ಮೇಲಿನ ದಿನಗಳಲ್ಲಿ ಇಡಿಸಿ.

ಒಂದೇ ಚುಚ್ಚುಮದ್ದು, ಎರಡು ಫಲ

ತೀರಾ ಮುಂಚೆ ಹುಟ್ಟುವ ಸಂಭವವಿರುವ ಕೂಸಿಗೆ ಆಸ್ಪತ್ರೆಯ ಆಯ್ಕೆ ಉಳಿದವರಿಗಿಂತ ಹತ್ತು ಪಟ್ಟು ಮುಖ್ಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1991ರಿಂದ 2000ದ ನಡುವೆ ಹುಟ್ಟಿದ, ಒಂದೂವರೆ ಕೆ.ಜಿ.ಗಿಂತ ಕಡಿಮೆ ತೂಕದ 48,237 ಕೂಸುಗಳ ಲೆಕ್ಕ ತೆಗೆದು ನೋಡಿದರು. ಉನ್ನತ ಮಟ್ಟದ ಘಟಕವಿದ್ದು, ವರ್ಷಕ್ಕೆ ಇಂತಹ ನೂರಕ್ಕೂ ಹೆಚ್ಚು ಕೂಸುಗಳನ್ನು ನೋಡುವ ಆಸ್ಪತ್ರೆಯಲ್ಲಿ ಹುಟ್ಟಿದವು ಹೆಚ್ಚು ಬದುಕಿದವು. ಘಟಕ ಕೆಳಮಟ್ಟದ್ದಾಗಿ, ಇಂತಹ ಕೂಸುಗಳು ಅಪರೂಪವಾಗಿದ್ದ ಕಡೆ ಸಾವು ಹೆಚ್ಚು. ಅಷ್ಟು ಶ್ರೀಮಂತ ನಾಡಿನಲ್ಲಿಯೇ ಹೀಗಾದರೆ ನಮ್ಮಲ್ಲಿ ಕೇಳಬೇಕೇ?

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಸ್ಟೀರಾಯ್ಡ್ ಚುಚ್ಚುಮದ್ದಿನ ಕಥೆ. ಕೂಸು ಬೇಗ ಹುಟ್ಟುವಂತಿದ್ದರೆ ಅದರ ಶ್ವಾಸಕೋಶ ಬಲಿಯಲೆಂದು ತಾಯಿಗೆ ಡೆಕ್ಸಾಮೆಥಾಸೋನ್ ಕೊಡುತ್ತೇವೆ, ಹನ್ನೆರಡು ಗಂಟೆಗೊಂದರಂತೆ ನಾಲ್ಕು. ಬೆಳಗಾವಿಯೂ ಸೇರಿದಂತೆ ಆರು ದೇಶಗಳ ಕೆಲವು ಪ್ರದೇಶಗಳಲ್ಲಿ ಇದನ್ನು ಹಳ್ಳಿಯ ಮಟ್ಟದವರೆಗೂ ಹಬ್ಬಿಸಿ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಲ್ಲಿ ಶಿಶುಗಳ ಸಾವು ಒಟ್ಟಾರೆ ಇಳಿಯುವ ಬದಲು ಏರಿತ್ತು. ತಿಂಗಳ ಲೆಕ್ಕ ಖಚಿತವಿರದೆ, ದಿನ ತುಂಬಿದವರಿಗೂ ಮದ್ದು ಹೋಗಿತ್ತು. 2020ರಲ್ಲಿ ಭಾರತವೂ ಸೇರಿ ಐದು ದೇಶಗಳ ಇನ್ನೊಂದು ಅಧ್ಯಯನ ಬಂತು. ಸ್ಕ್ಯಾನಿಂಗ್ ಮಾಡಿ ವಾರ ಖಚಿತಪಡಿಸಿಕೊಂಡು, ಕೂಸಿನ ಆರೈಕೆಗೆ ಸಜ್ಜಾದ ಆಸ್ಪತ್ರೆಗಳಲ್ಲಿ ಅದೇ ಮದ್ದನ್ನು ಕೊಟ್ಟಾಗ ಆ ಎಳೆಯ ಕೂಸುಗಳ ಸಾವು ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು. ಮದ್ದು ಬೇರೆಯಾಗಿರಲಿಲ್ಲ. ಅದನ್ನು ಕೊಟ್ಟ ಜಾಗ ಬೇರೆಯಾಗಿತ್ತು.

ಹಾಗಾಗಿ ಅವಳಿ ಮಕ್ಕಳಿದ್ದರೆ, ಬಿ.ಪಿ. ಏರಿದ್ದರೆ, ಫಿಟ್ಸ್ ಬಂದಿದ್ದರೆ, ದಿನ ತುಂಬುವ ಮೊದಲೇ ನೀರು ಒಡೆದರೆ ಅಥವಾ ರಕ್ತ ಕಂಡರೆ, ಹಿಂದೆ ಕೂಸು ಬೇಗ ಹುಟ್ಟಿದ್ದರೆ ಅಥವಾ ತೀರಿಕೊಂಡಿದ್ದರೆ, ಸ್ಕ್ಯಾನಿಂಗ್‌ನಲ್ಲಿ ಬೆಳವಣಿಗೆ ಕಡಿಮೆ ಎಂದಿದ್ದರೆ, ತಾಯಿಯ ರಕ್ತ ತೀರಾ ಇಳಿದಿದ್ದರೆ, ಹತ್ತಿರದ ಆಸ್ಪತ್ರೆಯ ಮೋಹ ಬಿಡಿ. ಎಸ್‌ಎನ್‌ಸಿಯು ಅಥವಾ ತೀವ್ರ ನಿಗಾ ಘಟಕ ಇರುವ ಕಟ್ಟಡದಲ್ಲಿಯೇ ಹೆರಿಗೆಯಾಗಲಿ. ಎಳೆಯ ಕೂಸನ್ನು ಸಾಗಿಸಲು ತಾಯಿಯ ಗರ್ಭಕ್ಕಿಂತ ಒಳ್ಳೆಯ ಪೆಟ್ಟಿಗೆಯನ್ನು ಯಾರೂ ಇನ್ನೂ ಮಾಡಿಲ್ಲ. ‘ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ’ ಎಂಬ ಹಿರಿಯರ ಮಾತನ್ನು ದಯವಿಟ್ಟು ನಂಬಬೇಡಿ. ಒಳಗೆ ಕಳೆದ ಪ್ರತಿ ವಾರವೂ ಕೂಸಿಗೆ ಬಲ.

ಒಂದು ಕುಟುಂಬದ ಕಥೆ ಹೇಳುತ್ತೇನೆ. ಅವಳಿ ಬಸುರಿ, ಮೂವತ್ತೊಂದನೆಯ ವಾರದಲ್ಲಿ ನೋವು ಬಂತು. ಅವಳನ್ನು ನೋಡುತ್ತಿದ್ದ ನರ್ಸಿಂಗ್ ಹೋಮ್‌ನವರು ‘ಹೆರಿಗೆ ಇಲ್ಲಿಯೇ ಮಾಡೋಣ, ಮಕ್ಕಳನ್ನು ಆಮೇಲೆ ಕಳಿಸೋಣ’ ಎಂದರು. ಮಕ್ಕಳು ಹುಟ್ಟಿದವು, ಒಂದೊಂದೂ ಒಂದೂಕಾಲು ಕೆ.ಜಿ. ಆಸುಪಾಸು. ಆಂಬುಲೆನ್ಸ್ ಬರುವುದು ತಡವಾಯಿತು. ಮೊದಲು ತಲುಪಿದ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಖಾಲಿ ಇರಲಿಲ್ಲ. ಮುಂಚೆ ಯಾರೂ ಫೋನ್ ಮಾಡಿ ಕೇಳಿರಲಿಲ್ಲ. ಎರಡನೆಯ ಆಸ್ಪತ್ರೆ ಸೇರುವ ಹೊತ್ತಿಗೆ ಸಣ್ಣದರ ಮೈ ಕಲ್ಲಿನಂತೆ ತಣ್ಣಗಿತ್ತು. ಒಂದು ಉಳಿಯಿತು. ಅಷ್ಟು ಹೊತ್ತೂ ತಾಯಿ ಹಿಂದಿನ ಆಸ್ಪತ್ರೆಯಲ್ಲಿಯೇ ಹೊಲಿಗೆ ಹಾಕಿಸಿಕೊಂಡು ಮಲಗಿದ್ದಳು, ಮಗುವಿನ ಮುಖವನ್ನೂ ನೋಡಲಿಲ್ಲ. ನೋವು ಶುರುವಾದಾಗಲೇ ಸ್ಟೀರಾಯ್ಡಿನ ಮೊದಲ ಚುಚ್ಚುಮದ್ದು ಕೊಟ್ಟು, 108ಕ್ಕೆ ಕರೆ ಮಾಡಿ, ಮುಂದಿನ ಆಸ್ಪತ್ರೆಗೆ ತಿಳಿಸಿ ಅವಳನ್ನೇ ಕಳಿಸಿದ್ದರೆ ಮೂವರೂ ಒಂದೇ ಕಡೆ ಇರುತ್ತಿದ್ದರು.

ಕೂಸನ್ನು ಸಾಗಿಸಲೇಬೇಕಾಗಿ ಬಂದರೆ ಕಳಿಸುವ ಡಾಕ್ಟರಿಂದಲೇ ಆ ಕಡೆಗೆ ಫೋನ್ ಮಾಡಿಸಿ, ಹಾಸಿಗೆ ಇದೆಯೇ ಎಂದು ಕೇಳಿಸಿ. ಚೀಟಿಯಲ್ಲಿ ಹುಟ್ಟಿದ ಹೊತ್ತು, ತೂಕ, ಕೊಟ್ಟ ಔಷಧಿ ಬರೆದಿರಲಿ. ಡಾಕ್ಟರು ಒಪ್ಪಿದರೆ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಡುವ ಬದಲು ಯಾರಾದರೂ ದೊಡ್ಡವರು ಬರಿ ಎದೆಗೆ ಅಪ್ಪಿಕೊಂಡು ಮೇಲೆ ಹೊದ್ದುಕೊಳ್ಳಲಿ. ತಲೆಗೆ ಕುಲಾವಿ ಇರಲಿ.

ದೊಡ್ಡದೆಲ್ಲ ಒಳ್ಳೆಯದಲ್ಲ

ದೊಡ್ಡ ಆಸ್ಪತ್ರೆಗೆ ಅದರದೇ ಅಪಾಯವಿದೆ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಡೆದ ಅಧ್ಯಯನದಲ್ಲಿ, ಘಟಕಕ್ಕೆ ಸೇರಿದ ಕೂಸುಗಳಲ್ಲಿ ನೂರಕ್ಕೆ 14ರಷ್ಟಕ್ಕೆ ನಂಜಾಗಿತ್ತು. ಅದನ್ನು ತಂದ ರೋಗಾಣುಗಳಲ್ಲಿ ಹಲವು ಸಾಮಾನ್ಯ ಆಂಟಿಬಯಾಟಿಕ್‌ಗಳಿಗೆ ಬಗ್ಗದವು. ಹಾಗಾಗಿ ದಿನ ತುಂಬಿದ, ತೊಡಕಿಲ್ಲದ ಬಸುರಿಯನ್ನು ಹೆಸರಿನ ಆಸೆಗೆ ಹೈದರಾಬಾದ್‌ಗೋ ಸೋಲಾಪುರಕ್ಕೋ ಒಯ್ಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಘಟಕವನ್ನು ನೋಡಲು ಹೋದಾಗ ಬಾಗಿಲಲ್ಲಿ ಕೈತೊಳೆಯುವ ನೀರು, ಸೋಪು ಇದೆಯೇ, ಒಂದು ವಾರ್ಮರಿನಲ್ಲಿ ಎರಡು ಕೂಸು ಮಲಗಿಸಿದ್ದಾರೆಯೇ ನೋಡಿ. ನಾನಾದರೆ ಗೋಡೆಯ ಟೈಲ್ಸ್ ಬಿಟ್ಟು ನಲ್ಲಿಯನ್ನು ನೋಡುತ್ತೇನೆ.

ತಾಯಿಯನ್ನು ಒಳಗೆ ಬಿಡುತ್ತಾರೆಯೇ ಎಂಬುದು ನನ್ನ ಇನ್ನೊಂದು ಅಳತೆ. ಸಣ್ಣ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವುದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. ಒಂದರಿಂದ 1.8 ಕೆ.ಜಿ.ಯೊಳಗಿನ ಕೂಸುಗಳಿಗೆ ಇದನ್ನು ಹುಟ್ಟಿದ ಕೂಡಲೇ ಶುರುಮಾಡಿದಾಗ ಸಾವು ಕಾಲು ಭಾಗದಷ್ಟು ಇಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಧ್ಯಯನ ತೋರಿಸಿತು. ಅದು ನಡೆದ ಐದು ದೇಶಗಳಲ್ಲಿ ನಮ್ಮದೂ ಒಂದು. ಇದಕ್ಕೆ ಬೇಕಾದ್ದು ತಾಯಿಗೆ ಒಂದು ಹಾಸಿಗೆ, ಘಟಕದ ಒಳಗೆ. ‘ತಾಯಿ ಹೊರಗೆ ಕೂತಿರಲಿ, ಹಾಲು ಹಿಂಡಿ ಕೊಡಲಿ’ ಎನ್ನುವ ಆಸ್ಪತ್ರೆಗಿಂತ ‘ಬಾ ಅವ್ವಾ, ಕಟ್ಟಿಕೋ’ ಎನ್ನುವ ಆಸ್ಪತ್ರೆ ನನ್ನ ಪಟ್ಟಿಯಲ್ಲಿ ಮೇಲಿದೆ, ಅದರ ಕಟ್ಟಡ ಹಳೆಯದಾಗಿದ್ದರೂ.

ತವರು, ಗುಳೆ, ತಾಯಿ ಕಾರ್ಡ್

ನಮ್ಮ ಕಡೆ ಚೊಚ್ಚಲು ಹೆರಿಗೆ ತವರಿನಲ್ಲಿ. ಆರು ತಿಂಗಳು ಒಬ್ಬ ಡಾಕ್ಟರು ನೋಡಿದ ಗರ್ಭಿಣಿ ಏಳನೆಯ ತಿಂಗಳಿಗೆ ಬೇರೆ ಜಿಲ್ಲೆಗೆ ಹೋಗುತ್ತಾಳೆ. ಗುಳೆ ಹೋದ ಕುಟುಂಬಗಳಲ್ಲಂತೂ ಬೆಂಗಳೂರಿನ ಸ್ಕ್ಯಾನಿಂಗ್ ಬೆಂಗಳೂರಿನ ಶೆಡ್ಡಿನಲ್ಲಿಯೇ ಉಳಿದಿರುತ್ತದೆ. ಕುಬುಸದ ಸೀರೆಯ ಜೊತೆಗೆ, ತಪಾಸಣೆಯ ವಿವರ ಬರೆದಿರುವ ತಾಯಿ ಕಾರ್ಡನ್ನೂ, ಮೊದಲ ಮೂರು ತಿಂಗಳಿನೊಳಗಿನ ಸ್ಕ್ಯಾನಿಂಗ್ ವರದಿಯನ್ನೂ ಕಟ್ಟಿಕೊಡಿ. ವಾರಗಳ ಲೆಕ್ಕಕ್ಕೆ ಆ ಮೊದಲ ವರದಿಯಷ್ಟು ನಂಬಿಕೆಯ ಕಾಗದ ಬೇರೊಂದಿಲ್ಲ. ತವರಿನಲ್ಲಿ ಆಸ್ಪತ್ರೆ ಆರಿಸುವ ಮೊದಲು ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ತಪಾಸಣೆಗೆ ಒಮ್ಮೆ ಕರೆದುಕೊಂಡು ಹೋಗಿ, ‘ಇವಳಿಗೆ ಯಾವ ಮಟ್ಟದ ಆಸ್ಪತ್ರೆ ಬೇಕು?’ ಎಂದು ನೇರವಾಗಿ ಕೇಳಿ. ಆ ಊರಿನಿಂದ ಆ ಆಸ್ಪತ್ರೆಗೆ ರಾತ್ರಿ ಎಷ್ಟು ಹೊತ್ತಿನ ದಾರಿ, ಮಳೆಗಾಲದಲ್ಲಿ ಹಳ್ಳ ದಾಟಬೇಕೇ ಎಂಬುದನ್ನು ಮನೆಯವರು ಯೋಚಿಸಿರಬೇಕು. ಹಳ್ಳ ಅಡ್ಡ ಬರುವ ಊರಾದರೆ ದಿನ ಹತ್ತಿರವಾದಾಗ ಪೇಟೆಯಲ್ಲಿರುವ ನೆಂಟರ ಮನೆಗೆ ಬಂದಿರುವುದು ಲೇಸು.

ಹೆರಿಗೆಯಾದ ಮರುದಿನವೇ ಮನೆಗೆ ಹೊರಡಬೇಡಿ, ಸುಲಭದ ಹೆರಿಗೆಯಾದರೂ 48 ಗಂಟೆ ಇರಿ. ಮನೆಗೆ ಬಂದ ಮೇಲೆ ಕೂಸು ಮೊಲೆ ಬಿಟ್ಟರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡಿದರೆ, ಎದೆ ಒಳಗೆ ಎಳೆದುಕೊಂಡರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಅಂಗಾಲು ಅಂಗೈ ಹಳದಿಯಾದರೆ, ಫಿಟ್ಸ್ ಬಂದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಹೊರಡಿ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕು. ಬರದಿದ್ದರೆ ನೀವೇ ಕರೆಯಿರಿ. 34 ವಾರದೊಳಗೆ ಹುಟ್ಟಿದ ಅಥವಾ ಎರಡು ಕೆ.ಜಿ.ಗಿಂತ ಕಡಿಮೆ ತೂಕದ ಕೂಸಿಗೆ ಹುಟ್ಟಿದ 30 ದಿನದೊಳಗೆ ಕಣ್ಣಿನ ಪರದೆಯ ಪರೀಕ್ಷೆ ಆಗಲೇಬೇಕು. ಎಳೆಯ ಕಣ್ಣಿನ ರಕ್ತನಾಳಗಳು ತಪ್ಪಾಗಿ ಬೆಳೆದು ದೃಷ್ಟಿ ಹೋಗುವ ಭಯ ಇಂತಹ ಕೂಸುಗಳಿಗೆ ಇದೆ, ಆಮ್ಲಜನಕ ಹೆಚ್ಚಾಗಿ ಪಡೆದವಕ್ಕೆ ಇನ್ನೂ ಹೆಚ್ಚು. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಘಟಕದಿಂದ ಬಿಡುಗಡೆಯಾಗುವ ದಿನ ಆ ಪರೀಕ್ಷೆಯ ತಾರೀಖನ್ನು ಕಾರ್ಡಿನ ಮೇಲೆ ಬರೆಸಿಕೊಂಡೇ ಹೊರಡಿ.